ಅರವತ್ತೆರಡು ತುಂಡು

ಹುಬ್ಬಳ್ಳಿಯಲ್ಲಿ ಔಷಧಿ ಸಾಗಿಸುವ ಕಂಪನಿಯೊಂದರಲ್ಲಿ ಹೊಂಬಳರು ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದರು. ಯಾವ ಊರಿಗೆ ಯಾವ ಗಾಡಿ, ಯಾವ ಪೆಟ್ಟಿಗೆಗೆ ಎಷ್ಟು ಐಸ್ ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಅದನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆದು ಹೊಸ ಸಾಫ್ಟ್‌ವೇರಿಗೆ ಹಾಕಿಸಬೇಕೆಂದು ತಂಡದ ಮುಖ್ಯಸ್ಥೆ ಸುವರ್ಣಾಳಿಗೆ ಮೇಲಿನಿಂದ ಆದೇಶ ಬಂತು. ಒಡೆದದ್ದನ್ನು ಹೊಸಬರಿಗೆ ಹಂಚಿ, ತಿಂಗಳ ಕೊನೆಗೆ ಹೊಂಬಳರನ್ನು ಮನೆಗೆ ಕಳಿಸುವುದಿತ್ತು. ಅದನ್ನು ಅವರಿಗೆ ಹೇಳಕೂಡದೆಂದೂ ತಾಕೀತಾಗಿತ್ತು.

ವಾರವಿಡೀ ಪಕ್ಕದಲ್ಲಿ ಕೂತು ಅವರು ಹೇಳುತ್ತ ಹೋದರು, ಅವಳು ಟೈಪ್ ಮಾಡುತ್ತ ಹೋದಳು.

“ಇಷ್ಟ್ ಸಣ್ಣದು ಮಾಡಿದ್ರ ಸಾಕೇನ್ರಿ ಮೇಡಂ? ಹೊಸ ಹುಡುಗ್ರಿಗೆ ತಿಳೀತದಲ್ರೀ?” ಎಂದು ಅವರೇ ಕಾಳಜಿಯಿಂದ ಕೇಳುತ್ತಿದ್ದರು.

“ತಿಳೀತದ್ರಿ ಸರ್,” ಎನ್ನುವಾಗ ಅವಳಿಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಶುಕ್ರವಾರ ಅರವತ್ತೆರಡನೆಯ, ಕೊನೆಯ ತುಂಡು ಮುಗಿಯಿತು. ಸುವರ್ಣಾಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

“ಸರ್, ಸಾಹೇಬ್ರ ಮುಂದ ಎರಡ್ ಸಲ ಬೇಡಕೊಂಡೆ, ಕೇಳಲಿಲ್ಲ. ಇದೆಲ್ಲಾ ನಿಮ್ಮನ್ನ ಕೆಲಸದಿಂದ ತಗೀಲಿಕ್ಕ ಮಾಡಿಸ್ಯಾರ್ರಿ.”

ಹೊಂಬಳರು ತಮ್ಮ ಲ್ಯಾಪ್‌ಟಾಪನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದರು. ಪರದೆಯ ಮೇಲೆ ಸುವರ್ಣಾಳ ಹೆಸರಿತ್ತು. ಅದರ ಕೆಳಗೆ ಅವಳು ದಿನವೂ ಮಾಡುವ ಕೆಲಸಗಳು ಒಂದೊಂದಾಗಿ ಒಡೆದು ಸಾಲಾಗಿ ನಿಂತಿದ್ದವು.

“ಸಾಹೇಬ್ರು ನನಗೂ, ಆಕಿ ಬಾಜೂಕ ಕೂತು ಏನೇನ್ ಮಾಡ್ತಾಳ ನೋಡಿ ಬರಕೊಡು, ಆಕೀಗೆ ಹೇಳಬ್ಯಾಡ ಅಂದಾರವ್ವ,” ಎಂದರು.