ಪಾಸ್‌ವರ್ಡ್ ಕೇಳದ ಪಂಪು

"ಆ ಮೇಡಂ ಮತ್ತೆ ಬಂದಿದ್ದಾರೆ ಸರ್."

ಮುಖ್ಯ ಎಂಜಿನಿಯರು ಹುಬ್ಬು ಗಂಟಿಕ್ಕಿದ. ಶಾಲೆಯಲ್ಲಿ ಗಣಿತ ಹೇಳಿಕೊಡುವ ಹೆಂಗಸು, ಅವನ ತಂಡ ತಯಾರಿಸಿದ, ಸಕ್ಕರೆ ಕಾಯಿಲೆಯವರು ಮೈಗೆ ಹಾಕಿಕೊಳ್ಳುವ ಇನ್ಸುಲಿನ್ ಪಂಪಿನಲ್ಲಿ ತೂತು ಕಂಡುಹಿಡಿದಿದ್ದಾಳಂತೆ! ಅವಳ ನಾಲ್ಕು ಪತ್ರಗಳಲ್ಲೂ ಅವನು ಓದಿದ್ದು ಮೊದಲ ಸಾಲು ಮಾತ್ರ: ನಿಮ್ಮ ಪಂಪು ಬ್ಲೂಟೂತಿನಲ್ಲಿ ಪಾಸ್‌ವರ್ಡನ್ನೇ ಕೇಳುವುದಿಲ್ಲ, ಹತ್ತಿರವಿದ್ದ ಯಾವ ಫೋನು ಹೇಳಿದರೂ ಕೇಳುತ್ತದೆ.

ಮಾತು ನಿಜವಾಗಿತ್ತು. ಅವನ ಹೊಟ್ಟೆ ಉರಿಸಿದ್ದೂ ಅದೇ. ಹನ್ನೆರಡು ಎಂಜಿನಿಯರುಗಳು ಮೂರು ವರ್ಷ ಕಣ್ಣು ಬಿಟ್ಟುಕೊಂಡು ಕಾಣದ್ದನ್ನು ಒಬ್ಬ ಟೀಚರಮ್ಮ ಕಂಡಿದ್ದಳು.

ಅವಳು ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ಚೀಲದಿಂದ ತಿದ್ದದ ಉತ್ತರಪತ್ರಿಕೆಗಳು ಇಣುಕುತ್ತಿದ್ದವು.

"ಸರ್, ಆ ತೂತಿನ ವಿಷಯ..."

"ಗೊತ್ತಮ್ಮ. ಪೇಪರಿಗೆ ಹೋಗ್ತೀರಾ? ಇಲ್ಲ, ಟಿವಿಗೆ?"

"ಅಯ್ಯೋ, ಯಾರಿಗೂ ಹೇಳಿಲ್ಲ ಸರ್, ಹೇಳೋದೂ ಇಲ್ಲ. ನನ್ನ ಮಗಳು ನಿಮ್ಮ ಪಂಪನ್ನೇ ಹಾಕ್ಕೊಂಡಿದ್ದಾಳೆ. ಒಂಬತ್ತು ವರ್ಷ. ಅವಳಿಗೋಸ್ಕರ..."

ಇನ್ನು ಕಣ್ಣೀರು ಶುರು, ಎಂದುಕೊಂಡ ಅವನು. ಹೆಸರು ಮಾಡಲು ಹೊರಟವರೆಲ್ಲ ಮಕ್ಕಳನ್ನೇ ಮುಂದೆ ಮಾಡುತ್ತಾರೆ. ಆ ಹೆಸರು ಇವಳಿಗೆ ಸಿಗಬಾರದು. ಫೋನೆತ್ತಿದ.

"ತೂತು ಮುಚ್ಚೋ ಅಪ್‌ಡೇಟ್ ರೆಡಿ ಇದೆಯಲ್ಲ? ಎಲ್ಲ ಪಂಪಿಗೂ ಕಳಿಸಿಬಿಡು. ಈಗಲೇ."

"ಸರ್, ಒಂದು ನಿಮಿಷ! ನಾನು ಹೇಳೋದನ್ನ..."

ಅವನು ಅಂಗೈ ಎತ್ತಿ ಅವಳ ಬಾಯಿ ಮುಚ್ಚಿಸಿದ. ಆ ಕಡೆಯಿಂದ "ಹೋಯ್ತು ಸರ್" ಎಂಬ ಉತ್ತರ ಬಂತು.

"ಮುಗೀತಮ್ಮ," ಎಂದ, ಕುರ್ಚಿಗೊರಗಿ. "ಇನ್ನು ನೀವು ತಲೆಕೆಳಗಾಗಿ ನಿಂತರೂ ಆ ಪಂಪಿನೊಳಗೆ ಹೋಗೋಕಾಗಲ್ಲ. ಮಗಳು ಕ್ಷೇಮ. ಸಮಾಧಾನ ಆಯ್ತಾ?"

ಅವಳ ಮುಖ ಸುಣ್ಣದಂತೆ ಬಿಳುಚಿತ್ತು.

"ನಿದ್ದೆಯಲ್ಲಿ ಅವಳ ಸಕ್ಕರೆ ಕುಸಿದುಬಿಡುತ್ತೆ ಸರ್. ನಿಮ್ಮ ಪಂಪಿಗೆ ಅದು ತಿಳಿಯಲ್ಲ, ಇನ್ಸುಲಿನ್ ಬಿಡ್ತಾನೇ ಇರುತ್ತೆ. ಎರಡು ಸಲ ಎಚ್ಚರ ತಪ್ಪಿದ ಮಗೂನ ಎತ್ಕೊಂಡು ಆಸ್ಪತ್ರೆಗೆ ಓಡಿದೀನಿ. ಆಮೇಲೆ ನಾನೇ ಒಂದು ಪ್ರೋಗ್ರಾಂ ಬರೆದೆ. ಅವಳ ತೋಳಿನ ಸೆನ್ಸರ್ ಸಕ್ಕರೆ ಇಳೀತು ಅಂದ ತಕ್ಷಣ, ನನ್ನ ಫೋನು ಆ ತೂತಿನಿಂದ ಒಳಗೆ ಹೋಗಿ ಪಂಪು ನಿಲ್ಲಿಸ್ತಿತ್ತು."

ಅವಳು ಎದ್ದು ನಿಂತಳು.

"ನಿಮ್ಮ ಪಂಪು ತಾನಾಗೇ ನಿಲ್ಲೋದು ಕಲಿಯೋವರೆಗೂ ಆ ತೂತನ್ನ ಮುಚ್ಚಬೇಡಿ ಅಂತ ಕೇಳ್ಕೊಳ್ಳೋಕೆ ಬಂದಿದ್ದೆ."