ಸ್ಪಷ್ಟ ಪ್ರತಿ

ಎರಡು ವರ್ಷದ ಹಿಂದೆ ಮೀನು ಹಿಡಿಯಲು ಕಡಲಿಗಿಳಿದ ಗುಲಾಬಿಯ ಗಂಡ ಮರಳಿರಲಿಲ್ಲ. ದೋಣಿ ಮಾತ್ರ ಸಿಕ್ಕಿತ್ತು. ಪಕ್ಕದ ಮನೆಯ ಪ್ರಮೀಳಾ ಬಂದರುಗಳ ಕುರಿತ ಸಾಕ್ಷ್ಯಚಿತ್ರವೊಂದನ್ನು ಎಡಿಟ್ ಮಾಡುತ್ತಿದ್ದಾಗ, ದೂರದ ಊರಿನ ಮೀನು ಮಾರುಕಟ್ಟೆಯ ದೃಶ್ಯದಲ್ಲಿ ಅವನಂಥವನೊಬ್ಬನನ್ನು ಕಂಡು ಗುಲಾಬಿಯನ್ನು ಕರೆಸಿದಳು.

"ನಡಿಗೆ ಅವರದ್ದೇ! ಮುಖ ಯಾಕೆ ಇಷ್ಟು ಮಸುಕು?"

"ಇದು ಎಡಿಟಿಂಗಿಗೆ ಅಂತ ಮಾಡ್ಕೊಂಡ ಹಗುರ ಪ್ರತಿ, ಪ್ರಾಕ್ಸಿ. ಮೂಲ ವಿಡಿಯೋದಿಂದ ರೆಂಡರ್ ಮಾಡಿ ಹೊಸ ಪ್ರತಿ ತೆಗೆದ್ರೆ ಸ್ಪಷ್ಟವಾಗಿ ಕಾಣುತ್ತೆ. ಸ್ವಲ್ಪ ತಡೀರಿ."

ಗುಲಾಬಿ ಕೂರಲಿಲ್ಲ. ಬಾಗಿಲಿಗೂ ಪರದೆಗೂ ನಡುವೆ ಓಡಾಡಿದಳು.

"ಎಷ್ಟಾಯ್ತು?"

"ನಲವತ್ತು ಪರ್ಸೆಂಟ್."

"ಈಗ?"

"ನಲವತ್ತೆರಡು."

ಹೊರಗೆ ಜಗಲಿಯಿಂದ ಅತ್ತೆ ಕೂಗಿದರು: "ನನ್ನ ಮಗನೇ ಹೌದೇನೇ?"

ಕೊನೆಗೂ ನೂರು ತುಂಬಿತು. ಪ್ರಮೀಳಾ ದೃಶ್ಯ ಓಡಿಸಿದಳು. ಮುಖ ಈಗ ನಿಚ್ಚಳವಾಗಿತ್ತು, ಅವನೇ. ಮಸುಕಿನಲ್ಲಿ ಹೆಗಲ ಮೇಲಿನ ಮೂಟೆಯಂತೆ ಕಂಡದ್ದು ವರ್ಷ ತುಂಬಿದ ಮಗು. ಅದು ಅವನ ಕೂದಲು ಹಿಡಿದು ನಗುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಅವನ ಬೆವರೊರೆಸಿದಳು.

ಗುಲಾಬಿ ಮೆಲ್ಲಗೆ ಬಾಗಿಲು ಮುಚ್ಚಿದಳು.

"ಅತ್ತೆ ನೋಡೋ ಮೊದಲು ಇದನ್ನ ಮತ್ತೆ ಮಸುಕು ಮಾಡ್ತೀರಾ?"