ರೇಡಿಯೇಟರಿನ ಮುಚ್ಚಳ

ಕಾರಿನ ಇಂಜಿನ್ ಯಾಕೆ ಕಾಯುತ್ತದೆ ಎಂಬ ಗಹನವಾದ ಪ್ರಶ್ನೆಯೊಂದು, ಲೋಕದ ಮಿಕ್ಕೆಲ್ಲ ಪ್ರಶ್ನೆಗಳನ್ನೂ ಬದಿಗೆ ತಳ್ಳಿ, ಹುಲಿಕೆರೆ ಇನ್ನೇನು ಬಂತು ಅನ್ನುವಾಗ ನಡುರಸ್ತೆಯಲ್ಲಿ ಎದ್ದು ನಿಂತಿತು. ಬಾನೆಟ್ಟಿನ ಸಂದಿಯಿಂದ ಬುಸುಬುಸು ಹಬೆ. ಕಾರಿನಲ್ಲಿದ್ದವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರು, ಸ್ಟೇರಿಂಗ್ ಹಿಡಿದಿದ್ದ ಮಗ ಶಶಿಧರ್, ಹಿಂದಿನ ಸೀಟಿನಲ್ಲಿ ಸೊಸೆ ಪ್ರತಿಮಾ, ಅವಳ ತೊಡೆಯ ಮೇಲೆ ನಿದ್ದೆ ಹೋದ ಕೂಸು. ಬೇಲೂರಿನ ಬೀಗರ ಮನೆಗೆ ಸ್ವಾಮಿಗಳು ದಯಮಾಡಿಸುವವರಿದ್ದರು. ಪಾದಪೂಜೆಗೆ ತಡವಾದರೆ ಜಯದೇವಪ್ಪನವರ ಪ್ರಕಾರ ಅವರ ವಂಶವೇ ತಲೆ ತಗ್ಗಿಸಬೇಕಾಗಿತ್ತು.

"ಬೆಲ್ಟ್ ಹೋಗಿರಬೇಕು ಅಪ್ಪಾಜಿ. ಇಲ್ಲಾ ಫ್ಯಾನು."

"ಬೆಲ್ಟಂತೆ ಬೆಲ್ಟು! ನೀರು ಕಮ್ಮಿಯಾಗಿದೆ ಕಣೋ, ಅಷ್ಟೆ. ನಾನು ಲಾರಿ ಇಟ್ಟಿದ್ದೋನು."

ಬೈಕಿನಲ್ಲಿ ಬರುತ್ತಿದ್ದ ಮರಿಯಣ್ಣ ಎಂಬ ಆ ಕಡೆಯ ರೈತ ಇಳಿದು, ಬಗ್ಗಿ, ಕಾರಿನ ಮೂತಿ ನೋಡಿದ. ಹಿಂದಿನ ಊರಿನಲ್ಲಿ ಒಕ್ಕಣೆಗೆಂದು ರಸ್ತೆಯ ತುಂಬ ಹುರುಳಿ ಹರವಿದ್ದರು. "ಬಳಸಿಕೊಂಡು ಯಾಕೋ ಹೋಗ್ತೀಯ? ಮೇಲೇ ಹಾಯಿಸು, ರೈತರ ಕಾಳು ಉದುರಿದರೆ ಪುಣ್ಯ ಬರುತ್ತೆ" ಎಂದು ಮಗನಿಗೆ ಹೇಳಿದವರು ಜಯದೇವಪ್ಪನವರೇ. ಪುಣ್ಯ ಬಂದಿತ್ತು, ಜೊತೆಗೆ ಬಳ್ಳಿಯೂ ಹೊಟ್ಟೂ ಬಂದು ಮುಂದಿನ ಜಾಲರಿಗೆ ಮೆತ್ತಿಕೊಂಡಿದ್ದವು. ರೇಡಿಯೇಟರಿಗೆ ಗಾಳಿಯಾಡಲು ಬೆರಳಗಲ ಜಾಗವಿರಲಿಲ್ಲ.

"ಹುರುಳಿ ಉಷ್ಣ ಸ್ವಾಮಿ," ಎಂದ ಮರಿಯಣ್ಣ. "ತಿಂದ ಕುದುರೆಗೇ ಮೈ ಕಾಯ್ತೈತೆ, ಕಾರನ್ನ ಬಿಟ್ಟಾತಾ? ಬನ್ನಿ ಅಣ್ಣ, ಊರಿಂದ ಒಂದು ಕ್ಯಾನ್ ನೀರು ತರಾನ. ಅಷ್ಟೊತ್ತಿಗೆ ಇದೂ ಆರ್ತೈತೆ."

ಶಶಿಧರ್ ಬಾನೆಟ್ ಎತ್ತಿ ನಿಲ್ಲಿಸಿ ಬೈಕ್ ಹತ್ತಿದ. "ಅಪ್ಪಾಜಿ, ಮುಚ್ಚಳ ಮಾತ್ರ ಮುಟ್ಟಬೇಡಿ."

"ಹೋಗೋ, ಹೋಗು. ನನಗೆ ಹೇಳಿಕೊಡ್ತಾನೆ."

ಬೈಕಿನ ಸದ್ದು ಅಡಗಿತು. ಜಯದೇವಪ್ಪನವರು ಗಡಿಯಾರ ನೋಡಿದರು, ಬೇಲೂರಿನ ದಿಕ್ಕು ನೋಡಿದರು, ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡರು. ಎತ್ತಿದ ಬಾನೆಟ್ಟಿನ ಕೆಳಗೆ ಒಂದು ಗೇಣು ಸಂದಿಯಿತ್ತು. ಪ್ರತಿಮಾಳಿಗೆ ಅದರಲ್ಲಿ ಮಾವನವರ ಮುಖ ಕಾಣಲಿಲ್ಲ. ಎರಡು ಕೈ ಕಂಡವು, ಟವೆಲ್ ಕಂಡಿತು, ಅದರಡಿಯಲ್ಲಿ ಮುಚ್ಚಳ.

ಗಂಡಸಿ ಎಂಬ ಊರಿನಲ್ಲಿ ಅವಳ ಚಿಕ್ಕಪ್ಪ ಹೀಗೇ ಟ್ರಾಕ್ಟರಿನ ಮುಚ್ಚಳ ತಿರುಗಿಸಿದ್ದರು. ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿದಾಗ ಅಂಗಿಯ ಜೊತೆ ಬೇರೆ ಏನೇನೋ ಬಂತು. ಒಂದು ಕಣ್ಣು ಈಗಲೂ ಮುಚ್ಚುವುದಿಲ್ಲ, ನಿದ್ದೆಯಲ್ಲೂ.

"ಮಾವ, ಮುಟ್ಟಬೇಡಿ," ಎಂದಳು.

ಕೈಗಳು ಮುಚ್ಚಳವನ್ನು ಅದುಮಿದವು.

"ಮಾವ! ಅವರು ಬರಲಿ, ಮಾವ! ಅದು ಕುದೀತಾ ಇದೆ!"

"ಸುಮ್ನೆ ಕೂತ್ಕೊಳಮ್ಮ. ಮಗು ಎದ್ದೀತು."

ಮಾವ ಎಂಬ ಮಾತಿಗೆ ತಿರುಗಿ ನೋಡುವ ಅಭ್ಯಾಸ ಜಯದೇವಪ್ಪನವರಿಗೆ ಇರಲಿಲ್ಲ. ಕಾಫಿ ಆರುತ್ತಿದೆ, ಊಟಕ್ಕೆ ಏಳಿ ಎಂಬ ಸಮಾಚಾರಗಳಿಗೆ ಮುಂಚೆ ಬರುವ ಸದ್ದು ಅದು. ಮುಚ್ಚಳ ಕಾಲು ಸುತ್ತು ತಿರುಗಿತು. ಸುಂಯ್ ಎಂದು ಎಳೆಯ ದನಿಯೊಂದು ಶುರುವಾಯಿತು. ಮಾವನವರು ಏನೆಂದು ನೋಡಲು ಇನ್ನೂ ಬಗ್ಗಿದರು. ಈಗ ಆ ಸಂದಿಯೊಳಕ್ಕೆ ಅವರ ಮುಖವೂ ಬಂತು: ಹಣೆಯ ವಿಭೂತಿ, ಕನ್ನಡಕ, ಕುತೂಹಲದಿಂದ ತುಸು ತೆರೆದ ಬಾಯಿ. ಪ್ರತಿಮಾ ಬಾಗಿಲ ಹಿಡಿಗೆ ಕೈ ಹಾಕಿದಳು. ಇಳಿದು ಓಡೋಣವೆಂದರೆ ತೊಡೆಯ ಮೇಲೆ ಕೂಸು. ದನಿ ಏರುತ್ತಿತ್ತು. ಟವೆಲಿನ ಕೈ ಮತ್ತೆ ಬಿಗಿಯಿತು.

"ಏಯ್ ಜಯದೇವಪ್ಪಾ!"

ಆ ಮನೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಸೊಸೆ ಮಾವನ ಹೆಸರು ಹೇಳುವ ಪ್ರಸಂಗ ಯಾರ ಊಹೆಗೂ ಬಂದಿರಲಿಲ್ಲ. ಮದುವೆಯಾದಾಗಿನಿಂದ ಪ್ರತಿಮಾ ಬ್ಯಾಂಕಿನಲ್ಲಿ ಯಾರಾದರೂ ಮಾವನವರ ಹೆಸರು ಕೇಳಿದರೂ ಗಂಡನ ಕಡೆ ಕೈ ತೋರಿಸಿದವಳು.

ಜಯದೇವಪ್ಪನವರು ಬೆಂಕಿ ಮುಟ್ಟಿದವರಂತೆ ಮುಚ್ಚಳ, ಟವೆಲ್ ಎರಡನ್ನೂ ಬಿಟ್ಟು ನೆಟ್ಟಗಾದರು. ತಮ್ಮನ್ನು ಏಕವಚನದಲ್ಲಿ ಕೂಗುವ ಗಂಡಸು ಈ ಸೀಮೆಯಲ್ಲಿ ಯಾರಿದ್ದಾನೆಂದು ರಸ್ತೆಯ ಕಡೆ ಎರಡು ಹೆಜ್ಜೆ ಬಂದರು. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಆಗ ಮುಚ್ಚಳ ಹಾರಿತು. ಕಂದು ಬಣ್ಣದ ಕುದಿನೀರು ಕಂಬದ ಹಾಗೆ ಎದ್ದು, ಬಾನೆಟ್ಟಿನ ಒಳಮೈಗೆ ಬಡಿದು, ಅವರು ನಿಂತಿದ್ದ ಜಾಗಕ್ಕೆಲ್ಲ ಸುರಿಯಿತು. ಟವೆಲ್ ಇಂಜಿನ್ನಿನ ಮೇಲೆ ಬಿದ್ದು ಹಬೆಯಾಡತೊಡಗಿತು. ಕೂಸು ಎದ್ದು ಕಿರುಚಿತು. ಜಯದೇವಪ್ಪನವರು ಒಮ್ಮೆ ಆ ಕಂಬವನ್ನು ನೋಡಿದರು, ಒಮ್ಮೆ ಕಾರಿನೊಳಗೆ ನೋಡಿದರು.

"ಯಾರು ಕೂಗಿದ್ದು?" ಎಂದರು.

ಪ್ರತಿಮಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಾವನವರಿಗೆ ಅಷ್ಟು ಸಾಕಾಯಿತು.

ಪಾದಪೂಜೆ ಅವರಿಲ್ಲದೆಯೇ ಮುಗಿಯಿತು. ಹೊಟ್ಟು ತೆಗೆಸಿದ ಮೇಲೆ ಕಾರು ಚೆನ್ನಾಗಿ ಓಡುತ್ತಿದೆ. ಜಯದೇವಪ್ಪನವರ ಮುಖದ ಮೇಲೆ ಒಂದು ಚುಕ್ಕೆ ಕಲೆಯಿಲ್ಲ. ಸೊಸೆಯ ಜೊತೆ ಮಾತು ಬಿಟ್ಟಿದ್ದಾರೆ.